ದೋಷವನ್ನು ಹುಡುಕುವ ಬಗೆ

ನಂಜನಗೂಡಿನಲ್ಲಿ ಕಪಿಲಾ ನದಿಗೆ ಅಡ್ಡಲಾಗಿ ಹಳೆಯದೊಂದು ಸೇತುವೆಯಿದೆ. ೧೭೩೫ರಲ್ಲಿ ಅದನ್ನು ಕಟ್ಟಿದವರು ರೈಲುಗಾಡಿಯನ್ನು ಕಂಡವರಲ್ಲ, ಅದರ ಹೆಸರನ್ನು ಕೇಳಿದವರೂ ಅಲ್ಲ. ಆದರೂ ಮುಂದೊಂದು ಕಾಲದಲ್ಲಿ ಆ ಸೇತುವೆಯ ಮೇಲೆಯೇ ಹಳಿಗಳನ್ನು ಹಾಸಿ ರೈಲನ್ನು ಓಡಿಸಿದರು. ಅಡಿಪಾಯವು ಗಟ್ಟಿಯಾಗಿದ್ದರೆ ಹಳೆಯದು ಹೊಸದನ್ನು ಹೊರಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ. ಆದರೆ ಹೊಸ ಹೊರೆಯನ್ನು ಹೊರಿಸುವ ಮುನ್ನ ಹಳೆಯದರ ಅಳತೆಯನ್ನೂ ಬಲವನ್ನೂ ಪರೀಕ್ಷಿಸಬೇಕಾಗುತ್ತದೆ. ಈ ಮಾತು ಸೇತುವೆಗೆ ಸಲ್ಲುವಂತೆ ಮನೆಯ ಮೇಜಿನ ಮೇಲಿರುವ ಲ್ಯಾಪ್‌ಟಾಪಿಗೂ ಸಲ್ಲುತ್ತದೆ.

ಗಣಕಯಂತ್ರಕ್ಕೂ ನೆನಪಿನ ಉಗ್ರಾಣವೊಂದು ಬೇಕು. ೧೯೫೬ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡು ಅಡಿ ವ್ಯಾಸದ ೫೦ ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರವು ಹಿಡಿದಿಡುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಮುಂದೆ ಅದೇ ತತ್ತ್ವದ ಹಾರ್ಡ್ ಡಿಸ್ಕ್ ಅಂಗೈಯಷ್ಟಾಯಿತು. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನೊಳಗಿನ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿಯಿರುವ ಭಾಗವು ಸುತ್ತಿ ಬರುವವರೆಗೆ ಓದುವ ಮುಳ್ಳು ಕಾಯಲೇಬೇಕು. ಈ ಕಾಯುವಿಕೆ ಕ್ಷಣದ ಅತಿ ಸಣ್ಣ ಅಂಶವಾದರೂ ಸಾವಿರಾರು ಸಲ ಕಾದಾಗ ನಿಮಿಷಗಳೇ ಕಳೆಯುತ್ತವೆ. ೧೯೮೦ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕ ಎಂಬ ವಿಜ್ಞಾನಿ ಫ್ಲ್ಯಾಷ್ ಎಂಬ ಹೊಸ ಬಗೆಯ ನೆನಪನ್ನು ರೂಪಿಸಿದರು. ಇದರಲ್ಲಿ ತಿರುಗುವ ತಟ್ಟೆಯಿಲ್ಲ, ಚಲಿಸುವ ಮುಳ್ಳಿಲ್ಲ. ಸೂಕ್ಷ್ಮ ಕೋಶಗಳಲ್ಲಿ ಸೆರೆಯಾದ ವಿದ್ಯುತ್ ಕಣಗಳೇ ಮಾಹಿತಿಯನ್ನು ಕಾಯ್ದಿಡುತ್ತವೆ. ಇಂದಿನ ಎಸ್‌ಎಸ್‌ಡಿಗಳು ಇದರ ಆಧಾರದಿಂದಲೇ ಬಂದವು.

ಕಪಿಲೆಯು ನಂಜನಗೂಡನ್ನು ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ನರಸೀಪುರದ ವಿದ್ಯಾರ್ಥಿನಿಯೊಬ್ಬಳ ಬಳಿ ಅವಳ ಅಣ್ಣನು ೨೦೧೦ರಲ್ಲಿ ಕೊಂಡಿದ್ದ ಲ್ಯಾಪ್‌ಟಾಪ್ ಇತ್ತು. ತೀರಿಕೊಂಡ ಅಜ್ಜಿಯು ಹಾಡಿದ್ದ ಸೋಬಾನೆ ಪದಗಳ ಧ್ವನಿಮುದ್ರಣವಿದ್ದುದು ಅದೊಂದರಲ್ಲಿಯೇ. ಯಂತ್ರವು ತೀರ ನಿಧಾನವಾಗಿತ್ತು. ಇತ್ತೀಚೆಗೆ ಒಳಗಿನಿಂದ ಟಕ್ ಟಕ್ ಎಂಬ ಸದ್ದೂ ಕೇಳಿಬರುತ್ತಿತ್ತು. ಅವಳು ಹೊಸ ಎಸ್‌ಎಸ್‌ಡಿಯೊಂದನ್ನು ಕೊಂಡು, ಹಳೆಯ ಡಿಸ್ಕಿನಲ್ಲಿದ್ದುದನ್ನು ಅದಕ್ಕೆ ನಕಲು ಮಾಡಿ, ಹಳೆಯದರ ಜಾಗದಲ್ಲಿ ಅದನ್ನು ಕೂರಿಸಿದಳು. ಯಂತ್ರವು ಏಳಲಿಲ್ಲ. ಡಿಸ್ಕ್ ಇಲ್ಲವೆಂಬ ಸಾಲು ಮಾತ್ರ ತೆರೆಯ ಮೇಲೆ ಮೂಡಿತು. ಮೂರು ಸಲ ತೆಗೆದು ಹಾಕಿದರೂ ಫಲ ಅಷ್ಟೇ. ಬೇಸರಗೊಂಡ ಅವಳು ಎರಡನ್ನೂ ಹಿಡಿದು ನಂಜನಗೂಡಿನಲ್ಲಿ ಗಣಕಯಂತ್ರಗಳ ರಿಪೇರಿ ಮಾಡುತ್ತಿದ್ದ ಸೋದರಮಾವನ ಬಳಿಗೆ ಹೋದಳು.

“ಮಾವ, ಅಂಗಡಿಯವನು ಕೆಟ್ಟ ಮಾಲು ಕೊಟ್ಟಿದ್ದಾನೆ. ಹಳೆಯ ಡಿಸ್ಕನ್ನೇ ಪೂರ್ತಿ ಅಳಿಸಿ, ಎಲ್ಲವನ್ನೂ ಮೊದಲಿನಿಂದ ಹಾಕಿಕೊಡಿ. ಹೇಗೂ ನಕಲು ಇದೆಯಲ್ಲ” ಎಂದಳು.

“ಅಂಗಡಿಯವನ ಮಾತು ಆಮೇಲೆ ನೋಡೋಣ ಕಣಮ್ಮ. ನಕಲಿನಲ್ಲಿ ಅವ್ವನ ಹಾಡು ಕೇಳಿ ನೋಡಿದೆಯಾ?” ಎಂದರು ಮಾವ.

ಅವಳು ನೋಡಿರಲಿಲ್ಲ. ಹೊಸ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಹೊರಗಿನಿಂದ ಜೋಡಿಸಿ ಹುಡುಕಿದಾಗ ಹಾಡುಗಳು ಅದರಲ್ಲಿ ಇರಲೇ ಇಲ್ಲ. ಹಳೆಯ ಡಿಸ್ಕನ್ನು ಅಣ್ಣನು ಸಿ, ಡಿ ಎಂದು ಎರಡು ಭಾಗ ಮಾಡಿದ್ದನು. ಅವಳು ನಕಲು ಮಾಡಿದ್ದು ಸಿ ಭಾಗವನ್ನು. ಹಾಡುಗಳಿದ್ದುದು ಡಿ ಭಾಗದಲ್ಲಿ. ಹಳೆಯದನ್ನು ಅಳಿಸಿದ್ದರೆ ಅಜ್ಜಿಯ ಧ್ವನಿಯೂ ಅಳಿದುಹೋಗುತ್ತಿತ್ತು.

ಮಾವನವರು ಬೇರಾವ ಕೆಲಸಕ್ಕೂ ಕೈಹಾಕದೆ ಮೊದಲು ಆ ಹಾಡುಗಳನ್ನು ಎರಡು ಕಡೆ ನಕಲು ಮಾಡಿ, ಒಂದೊಂದನ್ನೂ ತೆರೆದು ನೋಡಿದರು. ಆ ಬಳಿಕವೇ ದೋಷದ ಶೋಧನೆಗೆ ತೊಡಗಿದರು. ಪ್ರತಿಸಲವೂ ವಿದ್ಯುತ್ ತಂತಿಯನ್ನೂ ಬ್ಯಾಟರಿಯನ್ನೂ ತೆಗೆದ ಮೇಲೆಯೇ ಲ್ಯಾಪ್‌ಟಾಪನ್ನು ಬಿಚ್ಚಿದರು; ಪ್ರತಿಸಲವೂ ಒಂದನ್ನು ಮಾತ್ರ ಬದಲಿಸಿದರು. ಹಳೆಯ ಡಿಸ್ಕನ್ನು ಮರಳಿ ಕೂರಿಸಿದಾಗ ಲ್ಯಾಪ್‌ಟಾಪ್ ಎದ್ದಿತು. ಆದುದರಿಂದ ಲ್ಯಾಪ್‌ಟಾಪಿನಲ್ಲಿ ಕೊರತೆಯಿಲ್ಲ. ಹೊಸ ಡಿಸ್ಕನ್ನು ಬೇರೆ ಯಂತ್ರವು ಆಗಲೇ ಗುರುತಿಸಿತ್ತು. ಆದುದರಿಂದ ಅದೂ ಕೆಟ್ಟದ್ದಲ್ಲ. ಎರಡೂ ನಿರ್ದೋಷಿಗಳಾದರೆ ದೋಷವು ಅವೆರಡೂ ಕೂಡುವ ಸ್ಥಳದಲ್ಲಿರಬೇಕು.

ಅವರು ಅಳತೆ ಮಾಡಿದರು. ಹಳೆಯ ಡಿಸ್ಕಿನ ದಪ್ಪ ೯.೫ ಮಿಲಿಮೀಟರ್, ಹೊಸದರದು ೭. ಆ ಎರಡೂವರೆ ಮಿಲಿಮೀಟರ್ ಅಂತರದಿಂದ ಹೊಸ ಡಿಸ್ಕ್ ತನ್ನ ಗೂಡಿನಲ್ಲಿ ತಗ್ಗಿ ಕುಳಿತು, ಅದರ ಹಲ್ಲುಗಳು ಲ್ಯಾಪ್‌ಟಾಪಿನ ಹಲ್ಲುಗಳೊಡನೆ ಸರಿಯಾಗಿ ಕಚ್ಚಿಕೊಂಡಿರಲಿಲ್ಲ. ಅಷ್ಟೇ ದಪ್ಪದ ಪ್ಲಾಸ್ಟಿಕ್ ಚೌಕಟ್ಟನ್ನು ಸೇರಿಸಿದೊಡನೆ ಲ್ಯಾಪ್‌ಟಾಪ್ ಹೊಸ ಡಿಸ್ಕನ್ನು ಗುರುತಿಸಿತು. ಆದರೂ ವಿಂಡೋಸ್ ಮೇಲೇಳಲಿಲ್ಲ. ಒಂದು ದೋಷದ ಮರೆಯಲ್ಲಿ ಇನ್ನೊಂದು ಅಡಗಿತ್ತು. ಯಂತ್ರವನ್ನು ಎಬ್ಬಿಸುವ ಸೂಚನೆಗಳು ಹಳೆಯ ಡಿಸ್ಕಿನಲ್ಲಿ ಕಣ್ಣಿಗೆ ಕಾಣದ ಸಣ್ಣದೊಂದು ಭಾಗದಲ್ಲಿದ್ದವು. ಸಿ ಭಾಗವನ್ನಷ್ಟೇ ನಕಲು ಮಾಡಿದಾಗ ಅದೂ ಹಿಂದುಳಿದಿತ್ತು. ಹಳೆಯ ಡಿಸ್ಕಿನ ಎಲ್ಲ ಭಾಗಗಳನ್ನೂ ಇಡಿಯಾಗಿ ನಕಲು ಮಾಡಿದ ಬಳಿಕ ಲ್ಯಾಪ್‌ಟಾಪ್ ಸದ್ದಿಲ್ಲದೆ, ಹಿಂದೆಂದೂ ಇಲ್ಲದ ಚುರುಕಿನಿಂದ ಎದ್ದಿತು.

ಹುಡುಗಿಯು ಅದರ ವೇಗವನ್ನು ಕಂಡು ಹಿಗ್ಗಿದಳು. ಮಾವನವರು ಮಾತಾಡಲಿಲ್ಲ, ತಮ್ಮ ತಾಯಿಯ ಸೋಬಾನೆ ಪದವೊಂದನ್ನು ಹಾಕಿ ಕೊನೆಯವರೆಗೂ ಕೇಳಿದರು. ಹೊರಡುವಾಗ ಹಾಡುಗಳ ಇನ್ನೊಂದು ನಕಲನ್ನು ಅವಳ ಕೈಗಿತ್ತು, “ಹೊಸದೂ ಒಂದು ದಿನ ಹಳೆಯದಾಗುತ್ತದೆ, ಇದು ಬೇರೆ ಕಡೆ ಇರಲಿ” ಎಂದರು.

‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬ ಗಾದೆಯಿದೆ. ಕೆಲಸ ಕೆಟ್ಟಾಗ ಕೈಗೆ ಸಿಕ್ಕಿದವರನ್ನು ದೂರುವುದು ಸುಲಭ. ಕಳೆದರೆ ಮತ್ತೆ ಬಾರದುದನ್ನು ಮೊದಲು ಕಾಪಾಡಿಕೊಂಡು, ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸುತ್ತ ನಿಜವಾದ ಕಾರಣವನ್ನು ತಲುಪುವುದು ಕಷ್ಟ. ಯಂತ್ರ ಯಾವುದೇ ಇರಲಿ, ದೋಷವನ್ನು ಹುಡುಕುವ ಬಗೆ ಇದೊಂದೇ.