ಬೀಗದ ಕೈ ಬೇಡ, ಅಂಕಿ ಸಾಕು

ಅಕ್ಕಂದಿರೇ, ಬೀಗದ ಕೈ ಒಳಗೇ ಬಿಟ್ಟು ಗಾಡಿಯ ಬಾಗಿಲು ಹಾಕಿಕೊಂಡರೆ ಏನು ಗತಿ?

ಅಮೆರಿಕದ ಫೋರ್ಡ್ ಕಂಪನಿ ಇದಕ್ಕೊಂದು ಉಪಾಯ ಮಾಡಿತು. 1980ರ ಮಾದರಿಯ ಕೆಲವು ಕಾರುಗಳ ಬಾಗಿಲಿಗೆ ಐದು ಗುಂಡಿ ಇಟ್ಟಿತು. ಒಂದೊಂದು ಗುಂಡಿಗೆ ಎರಡೆರಡು ಅಂಕಿ: 1-2, 3-4, 5-6, 7-8, 9-0. ಐದು ಅಂಕಿಯ ಗುಟ್ಟಿನ ಸಂಖ್ಯೆ ಒತ್ತಿದರೆ ಬಾಗಿಲು ತೆರೆಯುತ್ತದೆ.

ಅಲ್ಲಿ ಹಳೆಯ ಪಿಕಪ್ ಗಾಡಿಗೂ ಈಗ ಇದನ್ನು ಹಾಕಿಸ್ತಾರೆ. ಗುಂಡಿಗಳ ಪಟ್ಟಿಯನ್ನು ಬಾಗಿಲಿಗೆ ಅಂಟಿಸ್ತಾರೆ. ಅದಕ್ಕೆ ತಂತಿ ಬೇಡ, ಒಳಗೆ ಬ್ಯಾಟರಿ ಇರುತ್ತದೆ. ಆದರೆ ಗಾಡಿಗೆ ಮೊದಲೇ ರಿಮೋಟ್ ಬೀಗ ಇರಬೇಕು. ಪಟ್ಟಿಯನ್ನು ಅದಕ್ಕೆ ಹೊಂದಿಸಬೇಕು. ಬ್ಯಾಟರಿ ಮುಗಿದರೆ ಪಟ್ಟಿ ಕೆಲಸ ಮಾಡದು. ಅದಕ್ಕೇ ಬೀಗದ ಕೈ ಬಿಸಾಕಬಾರದು.

ನಮ್ಮ ಬ್ಯಾಂಕಿನ ಎಟಿಎಂ ಕಾರ್ಡಿಗೂ ಗುಟ್ಟಿನ ಸಂಖ್ಯೆ ಇದೆ, ಅಲ್ವಾ? ಅಂಕಿ ಬಾರದೆ ಬೇರೆಯವರ ಕೈಲಿ ಒತ್ತಿಸಿದರೆ ಗುಟ್ಟು ಉಳಿಯುತ್ತಾ? ಚೀಟೀಲಿ ಬರೆದು ಕಾರ್ಡಿನ ಜೊತೆ ಇಟ್ಟರೆ, ಬೀಗದ ಜೊತೆಗೇ ಬೀಗದ ಕೈ ಕೊಟ್ಟ ಹಾಗೆ.

ನಾವೀಗ ಅಂಕಿ ಕಲಿತಿದ್ದೇವೆ. ನಮ್ಮ ಸಂಖ್ಯೆಯನ್ನು ನಾವೇ ನೆನಪಿಡೋಣ, ನಾವೇ ಒತ್ತೋಣ. ಯಾರಿಗೂ ಹೇಳೋದು ಬೇಡ.