ಗೋಲ್ ಕಾಯಲು ಗಂಟಲೂ ಬೇಕು

ಕೊಡಗಿನಲ್ಲಿ ಹುಡುಗಿ ಹಾಕಿ ಸ್ಟಿಕ್ ಹಿಡಿದರೆ ಯಾರೂ ಹುಬ್ಬೇರಿಸುವುದಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿ ನಮ್ಮೆಯಲ್ಲಿ (ಹಬ್ಬದಲ್ಲಿ) ಅಜ್ಜ, ಸೊಸೆ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವುದುಂಟು. 2024ರಲ್ಲಿ ನಾಪೋಕ್ಲುವಿಗೆ 360 ಕುಟುಂಬಗಳ ತಂಡಗಳು ಬಂದಿದ್ದವು. ಅಷ್ಟೂ ತಂಡಗಳಿಗೆ ಗೋಲ್‌ಕೀಪರ್ ಬೇಕು, ಆದರೆ ‘ನಾನು ನಿಲ್ಲುತ್ತೇನೆ’ ಎಂದು ತಾವಾಗಿ ಮುಂದೆ ಬರುವವರು ಬಹಳ ಕಡಿಮೆ. ಆ ಜಾಗ ಓಡಲಾರದವರಿಗೆ, ಇಲ್ಲವೇ ಮನೆಯ ಕಿರಿಯರಿಗೆ. ಕಾಫಿ ಕಣದಲ್ಲಿ ಅಣ್ಣಂದಿರ ಆಟಕ್ಕೆ ಸೇರಿಕೊಳ್ಳಲು ನನಗಿದ್ದದ್ದು ಅದೊಂದೇ ದಾರಿ. ಭಾರತದ ಗೋಲ್ ಕಾದ ಎ.ಬಿ. ಸುಬ್ಬಯ್ಯ ನಮ್ಮ ಜಿಲ್ಲೆಯವರೇ ಎಂದು ದೊಡ್ಡಪ್ಪ ಸಮಾಧಾನ ಹೇಳುತ್ತಿದ್ದರು.

ಕ್ರೀಡಾ ಹಾಸ್ಟೆಲ್ ಸೇರಿದ ಮೇಲೆ ಕೈಗೆ ಬಂದ ಕಿಟ್ ಯಾರೋ ದೊಡ್ಡವರದ್ದು. ಪ್ಯಾಡ್ ತೊಡೆಯವರೆಗೆ ಬರುತ್ತಿತ್ತು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಕಣ್ಣಿನ ಮೇಲೆ ಜಾರುತ್ತಿತ್ತು, ಕಾಲಿನ ಕಿಕ್ಕರ್ ನಡೆಯುವಾಗಲೇ ತಿರುಗಿಕೊಳ್ಳುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದರೆ ಫೋಮ್ ಒಣಗುವ ಮಾತೇ ಇಲ್ಲ. ಒಲೆಯ ಹತ್ತಿರ ಇಟ್ಟರೆ ಹಾಳಾಗುತ್ತದೆ, ಜಗಲಿಯಲ್ಲಿ ನೇತು ಹಾಕಿದರೆ ಬೂಸಲು ಹಿಡಿಯುತ್ತದೆ. ಆ ವಾಸನೆಗೆ ರೂಮಿನವರು ನನ್ನ ಚೀಲವನ್ನು ಬಾಗಿಲ ಹೊರಗೇ ಇಡಿಸುತ್ತಿದ್ದರು.

ವಾಸನೆ ಹೇಗೋ ಅಭ್ಯಾಸವಾಯಿತು. ತೊಂದರೆಯಾದದ್ದು ನಾವು ಪ್ರಾಕ್ಟೀಸ್ ಮಾಡುತ್ತಿದ್ದ ರೀತಿಯಿಂದ. ಫಾರ್ವರ್ಡ್‌ಗಳು ಸಾಲಾಗಿ ನಿಂತು ಹೊಡೆಯುತ್ತಾರೆ, ಕೀಪರ್ ತಡೆಯುತ್ತಾಳೆ. ಚೆಂಡು ಒಳಗೆ ಹೋದರೆ ಹೊಡೆದವಳಿಗೆ ಶಹಭಾಸ್, ತಡೆದರೆ ಅವಳಿಗೆ ಬೈಗುಳ. ಎರಡರಲ್ಲೂ ಕೀಪರ್ ಲೆಕ್ಕಕ್ಕಿಲ್ಲ. ವರ್ಷಗಟ್ಟಲೆ ನಾನು ಪ್ಯಾಡ್ ಕಟ್ಟಿದ ಗುರಿಹಲಗೆಯಾಗಿದ್ದೆ. ರಾಜ್ಯ ಮಟ್ಟ ತಲುಪುವ ಬಹುತೇಕ ಗೋಲ್‌ಕೀಪರ್‌ಗಳ ಕಥೆ ಇದೇ. ಧೈರ್ಯ ತಾನಾಗಿ ಬರುತ್ತದೆ, ವಿದ್ಯೆ ಹಾಗೆ ಬರುವುದಿಲ್ಲ.

ವಿದ್ಯೆ ಸಿಕ್ಕಿದ್ದು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ, ಜೂನಿಯರ್ ಕ್ಯಾಂಪಿಗೆ ಕರೆ ಬಂದಾಗ. ಅಲ್ಲಿ ಗೋಲ್‌ಕೀಪಿಂಗಿಗೆಂದೇ ಕೋಚ್ ಇದ್ದರು. ಮೊದಲ ದಿನ ಅವರು ಚೆಂಡು ಮುಟ್ಟಿಸಲೇ ಇಲ್ಲ. ಎರಡು ಕಂಬಗಳಿಗೂ ಹಗ್ಗ ಕಟ್ಟಿ, ಇನ್ನೊಂದು ತುದಿಗಳನ್ನು ಸರ್ಕಲ್ಲಿನ ಮೇಲೆ ಚೆಂಡಿಟ್ಟ ಜಾಗಕ್ಕೆ ಎಳೆದು ಗೂಟ ಹೊಡೆದರು. ‘ಇದರ ನಡುವೆ ನಿಂತು ನೋಡು’ ಎಂದರು. ಗೋಲ್ ಲೈನಿನ ಮೇಲೆ ನಿಂತರೆ ನಾನು ಕಾಯಬೇಕಾದದ್ದು ಪೂರ್ತಿ 3.66 ಮೀಟರ್. ನಾಲ್ಕು ಹೆಜ್ಜೆ ಮುಂದೆ ಬಂದರೆ ಹಗ್ಗಗಳು ಹತ್ತಿರವಾಗಿ, ಕೈಕಾಲು ಚಾಚಿದರೆ ಮುಟ್ಟುವಷ್ಟೇ ಅಗಲ. ಚೆಂಡು ಜಾಗ ಬದಲಿಸಿದಂತೆ ಹಗ್ಗವೂ ಸರಿಯುತ್ತದೆ, ಅದರ ಜೊತೆ ನಾನೂ. ಅಲ್ಲಿಯವರೆಗೆ ನಾನು ಡೈವ್ ಹೊಡೆದು ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಸರಿಯಾದ ಕಡೆ ನಿಂತವಳಿಗೆ ಡೈವ್ ಅಪರೂಪಕ್ಕೆ ಬೇಕಾಗುತ್ತದೆ. ನೋಡುವವರಿಗೆ ಇದು ಸಪ್ಪೆ ಅನ್ನಿಸಬಹುದು, ಆಯ್ಕೆಗಾರರ ಕಣ್ಣಿಗೆ ಹಾಗಲ್ಲ.

ಆಮೇಲೆ ಗಂಟಲಿನ ಪಾಠ. ಪೆನಾಲ್ಟಿ ಕಾರ್ನರ್‌ಗೆ ಕೀಪರ್ ಜೊತೆ ನಾಲ್ಕೇ ಜನ. ಮೊದಲು ಓಡುವವಳು ಯಾವ ಗೆರೆಯಲ್ಲಿ ಓಡಬೇಕು, ಕಂಬ ಯಾರದ್ದು, ಎದುರಾಳಿ ಯಾವ ಕಡೆಗೆ ಎಳೆಯುತ್ತಾಳೆ, ಇವೆಲ್ಲ ಚೆಂಡು ಒಳಗೆ ಬರುವ ಮೊದಲೇ ಬಾಯಲ್ಲಿ ಹೇಳಿ ಮುಗಿಸಬೇಕು. ಒಳ್ಳೆಯ ಡ್ರ್ಯಾಗ್ ಫ್ಲಿಕ್ ಸರ್ಕಲ್ಲಿನ ತುದಿಯಿಂದ ಗೋಲಿಗೆ ಬರಲು ತೆಗೆದುಕೊಳ್ಳುವುದು ಅರ್ಧ ಸೆಕೆಂಡಿನ ಆಸುಪಾಸು. ಆಗ ಯೋಚಿಸಲು ಸಮಯ ಇರುವುದಿಲ್ಲ. ನನ್ನ ಮುಂದೆ ನಿಂತಿದ್ದವರು ಜಾರ್ಖಂಡ್, ಒಡಿಶಾ, ಹರಿಯಾಣ, ಮಣಿಪುರದವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ‘ದೀದಿ, ದಾಯೇ!’ (ಅಕ್ಕಾ, ಬಲಕ್ಕೆ!) ಎಂದು ಅವರಿಗೆ ಆಜ್ಞೆ ಮಾಡಲು ನನಗೆ ಸಂಕೋಚ. ಒಮ್ಮೆ ಅವರಲ್ಲೊಬ್ಬರೇ ಬಂದು, ‘ದೀದಿ ಅನ್ನುವಷ್ಟರಲ್ಲಿ ಗೋಲ್ ಆಗಿರುತ್ತೆ, ಬರೀ ದಾಯೇ ಅನ್ನು’ ಎಂದರು. ಹಾಕಿಯಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದು.

ಪಂದ್ಯ ಸಮವಾದರೆ ಭಾರವೆಲ್ಲ ಕೀಪರ್ ಮೇಲೆ. 1998ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಬೆಂಗಳೂರಿನ ಆಶಿಶ್ ಬಲ್ಲಾಳ್ ಕೊರಿಯಾ ವಿರುದ್ಧ ಎರಡು ಪೆನಾಲ್ಟಿ ಸ್ಟ್ರೋಕ್ ತಡೆದು, 32 ವರ್ಷಗಳ ನಂತರ ಚಿನ್ನ ಬರಲು ಕಾರಣರಾದರು. ಆಗ ಚೆಂಡು ಇಡುತ್ತಿದ್ದದ್ದು 6.40 ಮೀಟರ್ ದೂರದಲ್ಲಿ, ಕೀಪರ್ ಗೆರೆ ಬಿಡುವಂತಿರಲಿಲ್ಲ. ಈಗಿನ ಶೂಟೌಟ್‌ನಲ್ಲಿ ಆಟಗಾರ್ತಿ 23 ಮೀಟರ್ ಗೆರೆಯಿಂದ ಚೆಂಡು ಒಯ್ದು ಎಂಟು ಸೆಕೆಂಡಿನೊಳಗೆ ಗೋಲ್ ಹೊಡೆಯಬೇಕು. ಕೀಪರ್ ಮುನ್ನುಗ್ಗಬಹುದು. ಗಡಿಯಾರ ಕೀಪರ್ ಪಕ್ಷ, ಅದಕ್ಕೇ ನನಗೆ ಶೂಟೌಟ್ ಇಷ್ಟ. ಆದರೆ ಗಡಿಯಾರವೂ ಕೈ ಕೊಡುವುದುಂಟು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಸೆಮಿಫೈನಲ್‌ನಲ್ಲಿ ನಮ್ಮ ಕೀಪರ್ ಸವಿತಾ ಆಸ್ಟ್ರೇಲಿಯಾದ ಮೊದಲ ಯತ್ನ ತಡೆದರು. ಗಡಿಯಾರ ಶುರುವೇ ಆಗಿರಲಿಲ್ಲವೆಂದು ಮತ್ತೆ ಹೊಡೆಸಿದರು, ಅದು ಗೋಲಾಯಿತು, ಭಾರತ ಸೋತಿತು. ಎರಡು ದಿನಗಳಲ್ಲಿ ಅದೇ ಸವಿತಾ ನ್ಯೂಜಿಲೆಂಡ್ ವಿರುದ್ಧ ಮತ್ತೊಂದು ಶೂಟೌಟ್‌ಗೆ ನಿಂತು ಕಂಚು ಗೆಲ್ಲಿಸಿಕೊಟ್ಟರು. ಮರೆಯುವುದನ್ನು ಹೀಗೂ ಕಲಿಯಬಹುದು ಎಂದು ನಾವೆಲ್ಲ ಟಿವಿ ಮುಂದೆ ಕೂತು ನೋಡಿದೆವು.

ಇನ್ನು ಕಾಯುವಿಕೆ. ಫಾರ್ವರ್ಡ್‌ಗಳಿಗೆ ತಂಡದಲ್ಲಿ ಹಲವು ಜಾಗ. ಒಲಿಂಪಿಕ್ಸ್‌ಗೆ ಹೋಗುವ 16 ಜನರಲ್ಲಿ ಸಾಮಾನ್ಯವಾಗಿ ಒಬ್ಬರೇ ಕೀಪರ್. ಪುರುಷರ ತಂಡದ ಗೋಲನ್ನು ಶ್ರೀಜೇಶ್ ಕಾಯುತ್ತಿದ್ದ ವರ್ಷಗಳಲ್ಲಿ ಕೃಷನ್ ಪಾಠಕ್ ಅವರಂಥ ಸಮರ್ಥರೂ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮೀಸಲು ಆಟಗಾರರಾಗಿ ಹೋದವರು. ನಾನು ಸೀನಿಯರ್ ತಂಡದ ಜೆರ್ಸಿ ಹಾಕಿ ಮೈದಾನಕ್ಕಿಳಿದದ್ದು ಒಂದು ವಿದೇಶ ಪ್ರವಾಸದಲ್ಲಿ, ಕೀಪರ್‌ಗಳಿಬ್ಬರೂ ಕ್ವಾರ್ಟರ್ ಹಂಚಿಕೊಂಡು ಆಡುವ ಪದ್ಧತಿಯಿಂದಾಗಿ. ಮೊದಲ ಕ್ವಾರ್ಟರ್ ಪೂರ್ತಿ ಚೆಂಡು ನನ್ನ ಕಡೆ ಬರಲೇ ಇಲ್ಲ. ಆದರೂ ಆಟ ಮುಗಿದಾಗ ನನ್ನ ಸ್ವರ ಬಿದ್ದುಹೋಗಿತ್ತು. ಕೋಚ್ ಸರ್ ಅದನ್ನೇ ಮೆಚ್ಚಿದರು.

ಈಗ ಊರಿಗೆ ಹೋದಾಗ ಮಕ್ಕಳ ಕ್ಯಾಂಪ್ ನೋಡುತ್ತೇನೆ. ಅದೇ ಸಾಲು, ಅದೇ ಹೊಡೆತ, ಗೋಲಿನಲ್ಲಿ ಜಾರುವ ಹೆಲ್ಮೆಟ್ಟಿನ ಒಂದು ಮಗು. ಒಳ್ಳೆಯ ಪೂರ್ಣ ಕಿಟ್‌ನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ, ಶಾಲೆಗಳಿಗೆ ಕಷ್ಟ ಎಂದು ಗೊತ್ತು. ಆದರೆ ಹಗ್ಗಕ್ಕೆ ಹಣ ಬೇಡ. ಪ್ರತಿ ಪ್ರಾಕ್ಟೀಸ್‌ನಲ್ಲಿ ಅರ್ಧ ಗಂಟೆ ಕೀಪರ್‌ಗೆಂದೇ ಮೀಸಲಿಡಲೂ ಹಣ ಬೇಡ. ಕೋಚ್‌ಗಳೇ, ಇವೆರಡನ್ನು ಈ ಬೇಸಿಗೆಯಿಂದಲೇ ಶುರುಮಾಡಿ. ಕಿಟ್ ಕೊಳ್ಳುವ ದಿನ ಬಂದಾಗ ಆ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅಳತೆ ನೋಡಿ ಕೊಡಿಸಿ.