ಮಗಳ ಮದುವೆಗೆ ಅಪ್ಪ ಬರಬಹುದೇ?

ಬ್ರಹ್ಮಸಮುದ್ರದ ತಾಯಿಗೆ,

ಅಮ್ಮಾ, ಜೈಲಿನಲ್ಲಿರುವ ನಿಮ್ಮ ಯಜಮಾನರ ಬಗ್ಗೆ ‘ಕೊಲೆ ಕೇಸು, ಪೆರೋಲ್ ಸಿಗೋದೇ ಇಲ್ಲ’ ಎಂದವರ ಮಾತಿಗೆ ಕುಗ್ಗಬೇಡಿ. ಅಪರಾಧದ ಸ್ವರೂಪವೊಂದನ್ನೇ ನೋಡಿ ಪೆರೋಲ್ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2017ರ ಅಸ್ಫಾಕ್ ಪ್ರಕರಣದಲ್ಲಿ ಹೇಳಿದೆ. ಪದೇ ಪದೇ ಅಪರಾಧ ಮಾಡುವವರ, ಸಮಾಜಕ್ಕೆ ಅಪಾಯವಾಗುವವರ ಮಾತು ಬೇರೆ. ನೀವು ಕೇಳಿದ 14 ವರ್ಷದ ಲೆಕ್ಕ ಅವಧಿಪೂರ್ವ ಬಿಡುಗಡೆಯದು, ಕೆಲವು ದಿನಗಳ ಮಟ್ಟಿಗೆ ಬಿಡುವ ಪೆರೋಲಿನದಲ್ಲ.

ಲಗ್ನಪತ್ರಿಕೆ ಸಮೇತ ಜೈಲು ಸೂಪರಿಂಟೆಂಡೆಂಟರಿಗೆ ಈಗಲೇ ಅರ್ಜಿ ಕೊಡಿ. ಊರಿನ ಪೊಲೀಸರ ವರದಿಗೆ ಸಮಯ ಬೇಕು. ಕೈದಿಗಳಿಗೆ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ನೋಯಬೇಡಿ. ಸತ್ತವರ ಮನೆಯವರೂ ಅದೇ ಬೀದಿಯಲ್ಲಿದ್ದಾರೆ ಎಂದು ಬರೆದಿದ್ದೀರಿ. ಅವರ ಭಯ ಸುಳ್ಳಲ್ಲ. ಪೊಲೀಸರೂ ಅದನ್ನು ಕೇಳಿಯೇ ಕೇಳುತ್ತಾರೆ. ಸಾಧ್ಯವಾದರೆ ಮದುವೆಯನ್ನು ಕಲ್ಯಾಣದುರ್ಗದ ನಿಮ್ಮ ಅಣ್ಣನ ಮನೆಯಲ್ಲಿಟ್ಟುಕೊಳ್ಳಿ, ಅರ್ಜಿಯಲ್ಲೂ ಆ ವಿಳಾಸವನ್ನೇ ಬರೆಸಿ.